ನೂರೊಂದನೆಯ ಉಪಯೋಗ

ಲೋವರ್ ಹ್ಯಾರೋ, ಟಾಸ್ಮೇನಿಯಾ
6 ಮಾರ್ಚ್ 1966

ಡಲ್ಸಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಎನಿಡಳ ಕಾಗದ ಎಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಒಲೆಗೆ ಹಾಕಿಲ್ಲವಾದರೆ ನನ್ನ ಪುಣ್ಯ. ಒಂಬತ್ತು ವರ್ಷವಾಯಿತಲ್ಲ! ವಿಳಾಸ ಕೊಟ್ಟದ್ದು ನಿನ್ನ ತಂಗಿ. ಅವಳನ್ನು ಬೈಯಬೇಡ, ಮೂರು ಸಲ ಬಾಗಿಲಿಗೆ ಹೋಗಿ ಕಾಡಿದ ಮೇಲೆ ಕೊಟ್ಟಳು.

ಬರೆಯುತ್ತಿರುವುದು ಮಹಿಳಾ ಸಂಘದ ಕಾರ್ಯದರ್ಶಿಯಾಗಿ. ಅದು ನೆಪ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆದರೂ ಎಲ್ಲಿಂದಲಾದರೂ ಶುರು ಮಾಡಬೇಕಲ್ಲ. ಸಂಘದ ಕಟ್ಟಡದ ಮಾಡು ಸೋರುತ್ತಿದೆ. ರಿಪೇರಿಗೆಂದು ಒಂದು ಪುಸ್ತಕ ಅಚ್ಚು ಹಾಕಿಸಿ ಮಾರುವುದೆಂದು ತೀರ್ಮಾನವಾಗಿದೆ. ಹೆಸರು: 'ಆಲೂಗಡ್ಡೆ: ತಿನ್ನುವುದನ್ನು ಬಿಟ್ಟು ನೂರೊಂದು ಉಪಯೋಗ.' ಅಧ್ಯಕ್ಷರು ಈಗಲೂ ಮಿಸೆಸ್ ಥರ್ಕೆಲ್ಲೇ. ಆಲೂಗಡ್ಡೆ ಕೀಳುವ ದಿನ ಕೂಡ ಮುಖಕ್ಕೆ ಗೋಡೆಗೆ ಸುಣ್ಣ ಬಳಿದ ಹಾಗೆ ಪೌಡರ್ ಬಳಿದುಕೊಂಡು, ಕೈಗವಸು ತೊಟ್ಟು ಬರುವ ಅದೇ ಹೆಂಗಸು. ಸಭೆಯಲ್ಲಿ ಎದ್ದು ನಿಂತು, "ನಮ್ಮೂರಲ್ಲಿ ಬೆಳೆಯೋದು ಅದೊಂದೇ. ತಿನ್ನೋದನ್ನ ನಮಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಬೇರೆ ಏನೇನಕ್ಕಾಗತ್ತೆ ಅಂತ ಚೀಟಿ ಬರೆದು ಕೊಡಿ" ಎಂದರು.

ಚೀಟಿಗಳು ಬಂದವು. ಅಡಿಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಓದುತ್ತಾ ಕೂತೆ. ಒಡೆದ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಲು ಅದರ ಬುಡಕ್ಕೆ ಅರ್ಧ ಗಡ್ಡೆ ಒತ್ತಿ ತಿರುಗಿಸುವುದು. ತುಕ್ಕು ಹಿಡಿದ ಚಾಕುವಿಗೆ ಗಡ್ಡೆ ಮತ್ತು ಸೋಡಾ. ಗುಲಾಬಿ ಕಡ್ಡಿಯನ್ನು ಗಡ್ಡೆಗೆ ಚುಚ್ಚಿ ನೆಡುವುದು. ಸಂಧಿವಾತಕ್ಕೆ ಜೇಬಿನಲ್ಲೊಂದು ಗಡ್ಡೆ, ಅದು ಕಲ್ಲಾಗುವವರೆಗೆ. ಚಳಿಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳ ಜೇಬಿಗೆ ಬಿಸಿ ಗಡ್ಡೆ ಎರಡು. ಓದುತ್ತಾ ಓದುತ್ತಾ ನಿನ್ನ ದನಿಯೇ ಕಿವಿಗೆ ಬೀಳತೊಡಗಿತು ಕಣೇ. ಎರಡೆರಡು ಸಲ ಬಂದವನ್ನು ಒಂದೇ ಎಂದು ಎಣಿಸಿದರೆ ಎಂಬತ್ತೆಂಟು ಉಪಯೋಗ, ಅದರಲ್ಲಿ ಮೂವತ್ತೊಂದು ನಿನ್ನವು. ಒಂದರಲ್ಲೂ ನಿನ್ನ ಹೆಸರಿಲ್ಲ. ಎಲ್ಲರೂ ತಮ್ಮತಮ್ಮದೆಂದು ಬರೆದು ಕೊಟ್ಟಿದ್ದಾರೆ.

ನನಗೆ ತಡೆಯಲಿಲ್ಲ. ಸಭೆಯಲ್ಲಿ, "ಇವು ಡಲ್ಸಿಯವು, ಅವಳ ಹೆಸರೇ ಹಾಕ್ಬೇಕು" ಎಂದುಬಿಟ್ಟೆ. ಎಲ್ಲರೂ ತಮ್ಮ ತಮ್ಮ ಟೀ ಬಟ್ಟಲು ನೋಡಿಕೊಂಡರು. ಥರ್ಕೆಲ್ ಕೇಳಿದರು: "ಹಾಕೋಣ. ಏನಂತ ಹಾಕೋದು? ನಮ್ಮಲ್ಲಿ ಗಂಡನ ಹೆಸರಿನ ಮೇಲೆ ತಾನೇ ಹಾಕೋದು? ಅವಳು ಈಗ ಯಾರ ಮಿಸೆಸ್ಸು?"

ಆದ್ದರಿಂದ ಕೇಳುತ್ತಿದ್ದೇನೆ. ಏನಂತ ಹಾಕಲಿ? ಜೊತೆಗೆ ಇನ್ನೂ ಹದಿಮೂರು ಉಪಯೋಗ ಬೇಕು. ನಿನ್ನಷ್ಟು ಗೊತ್ತಿರುವವರು ಈ ದ್ವೀಪದಲ್ಲಿ ಯಾರೂ ಇಲ್ಲ.

ಉತ್ತರ ಬರುವುದೋ ಇಲ್ಲವೋ ಎಂದು ಕಾಯುವ,
ಎನಿಡ್


ಫುಟ್ಸ್‌ಕ್ರೇ, ಮೆಲ್ಬರ್ನ್
21 ಮಾರ್ಚ್ 1966

ಎನಿಡ್,

ಒಲೆಗೆ ಹಾಕಲಿಲ್ಲ. ನನ್ನ ಕೋಣೆಯಲ್ಲಿರುವುದು ಗ್ಯಾಸಿನ ಒಲೆ, ಕಾಗದ ಸುಟ್ಟರೆ ಮನೆಯೊಡತಿ ಬೊಬ್ಬೆ ಹೊಡೆಯುತ್ತಾಳೆ.

ನನ್ನ ಹೆಸರು ಬೇಡ. ಆ ಊರಿನ ಪುಸ್ತಕದಲ್ಲಿ ಹೆಸರು ಹಾಕಿಸಿಕೊಂಡು ನಾನು ಯಾವ ಸ್ವರ್ಗಕ್ಕೆ ಹೋಗಬೇಕಾಗಿದೆ? ಒಂದು ಸೂಟ್‌ಕೇಸ್ ಹಿಡಿದು ಹಡಗು ಹತ್ತಿದವಳು ನಾನು. ಬಿಟ್ಟು ಬಂದದ್ದರಲ್ಲಿ ಯಾರಿಗೆ ಏನು ಬೇಕೋ ಅವರು ಇಟ್ಟುಕೊಳ್ಳಲಿ.

ಆದರೆ ತಪ್ಪುತಪ್ಪಾಗಿ ಅಚ್ಚು ಹಾಕಬೇಡಿ. ಬಲ್ಬಿನ ಚೀಟಿಯಲ್ಲಿ ಮೊದಲು ಮೇನ್ ಸ್ವಿಚ್ ಆರಿಸಬೇಕೆಂದು ಬರೆದಿದ್ದೀರಾ? ಇಲ್ಲದಿದ್ದರೆ ಯಾವಳಾದರೂ ಒಬ್ಬಳು ಸತ್ತಾಳು. ಮಳೆಯಲ್ಲಿ ರಸ್ತೆ ಕಾಣಲೆಂದು ಕಾರಿನ ಮುಂದಿನ ಗಾಜಿಗೆ ಗಡ್ಡೆ ಉಜ್ಜುವುದಾದರೆ ಹೆಚ್ಚಿದ ಬದಿಯಿಂದ ಮೇಲಿಂದ ಕೆಳಕ್ಕೆ ಉಜ್ಜಿ ಹಾಗೆಯೇ ಒಣಗಲು ಬಿಡಬೇಕು. ಬಟ್ಟೆಯಿಂದ ಒರೆಸಿದರೆ ಮಾಡಿದ್ದೆಲ್ಲ ದಂಡ. ಕಾಲರಿಗೆ ಗಂಜಿ ಹಾಕುವುದನ್ನು ನಾನು ಈಗ ಯಾರಿಗಾದರೂ ಕಲಿಸಬಲ್ಲೆ. ಲಾಂಡ್ರಿಯಲ್ಲಿ ನನ್ನ ಕೆಲಸವೇ ಅದು, ದಿನಕ್ಕೆ ಇನ್ನೂರು ಕಾಲರು. ಹದಿಮೂರರಲ್ಲಿ ಹನ್ನೆರಡು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಹದಿಮೂರನೆಯದು ಹೊಳೆಯಲಿಲ್ಲ.

ಒಂದು ಮಾತು ಕೇಳುತ್ತೇನೆ. ಕಣ್ಣಿನ ಸುತ್ತ ಊತ ಬಂದರೆ ಹಸಿ ಗಡ್ಡೆ ತುರಿದು ಬಟ್ಟೆಯಲ್ಲಿ ಕಟ್ಟಿ ಇಡುವುದು. ಆ ಚೀಟಿ ಬಂದಿದೆಯಾ? ಯಾರ ಹೆಸರಿನಲ್ಲಿ? ಅದನ್ನು ನಾನು ಆ ಊರಿನಲ್ಲಿ ಹೇಳಿದ್ದು ಒಬ್ಬಳಿಗೇ.

ಡಲ್ಸಿ


ಲೋವರ್ ಹ್ಯಾರೋ
3 ಏಪ್ರಿಲ್ 1966

ಪ್ರೀತಿಯ ಡಲ್ಸಿ,

ಹನ್ನೆರಡೂ ಒಂದಕ್ಕಿಂತ ಒಂದು ಚೆನ್ನಾಗಿವೆ. ಕೆಟಲಿನ ಒಳಗೆ ಕಟ್ಟಿದ ಸುಣ್ಣದ ಪದರಕ್ಕೆ ಗಡ್ಡೆ ಸಿಪ್ಪೆ ಕುದಿಸಿ ನೋಡಿದೆ, ಫಳಫಳ ಎನ್ನುತ್ತಿದೆ.

ನೀನು ಕೇಳಿದ್ದಕ್ಕೆ ಉತ್ತರ ಹೇಳಲು ನಾಚಿಕೆಯಾಗುತ್ತದೆ. ಕಣ್ಣಿನ ಊತದ್ದು ನಾನೇ ಹೊಲಿಗೆಯ ಗುಂಪಿನಲ್ಲಿ ಹೇಳಿದೆ, ಯಾವಾಗಲೋ. ಯಾರ ಮಗುವೋ ಬಿದ್ದು ಮುಖ ಊದಿಸಿಕೊಂಡಿತ್ತು. ಎಲ್ಲಿಂದ ಕಲಿತೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಮೂರು ಚೀಟಿ ಬಂದಿವೆ. ಎರಡು ನಾನು ಹೇಳಿದ್ದರ ತದ್ರೂಪು. ಮೂರನೆಯದು ನನ್ನ ಸೊಸೆಯದು. ನಮ್ಮ ಗ್ರೇಮ್‌ಗೆ ಮದುವೆಯಾಗಿ ಎರಡು ವರ್ಷವಾಯಿತು, ನಿನಗೆ ಗೊತ್ತಿರಲಿಕ್ಕಿಲ್ಲ. ನಿನ್ನ ಕೈಯಿಂದ ಬಿಸಿ ಗಡ್ಡೆ ಇಸಕೊಂಡು ಶಾಲೆಗೆ ಓಡುತ್ತಿದ್ದವನು ಈಗ ಕೆಳಗಿನ ಹೊಲವನ್ನು ತಾನೇ ನೋಡಿಕೊಳ್ಳುತ್ತಾನೆ. ಹೆಂಡತಿ ರೋಸ್ಲಿನ್, ಇಪ್ಪತ್ತೆರಡು ವರ್ಷ. ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ಸ್ವಲ್ಪ ಎಡವಟ್ಟು ಅಷ್ಟೇ. ಕಂಡಕಂಡದ್ದಕ್ಕೆ ತಾಗಿಸಿಕೊಳ್ಳುತ್ತಾಳೆ, ಎಡವುತ್ತಾಳೆ. ಅವಳ ಚೀಟಿ ಹೇಗಿದೆ ನೋಡು, ಹಾಗೆಯೇ ನಕಲು ಮಾಡಿದ್ದೇನೆ:

'ಕಣ್ಣಿನ ಕೆಳಗೆ ಕಂದಿದ್ದರೆ: ಹಸಿ ಗಡ್ಡೆ ತುರಿದು ತೆಳು ಬಟ್ಟೆಯಲ್ಲಿ ಕಟ್ಟಿ ಇಪ್ಪತ್ತು ನಿಮಿಷ ಇಡಿ, ಹೆಚ್ಚು ಬೇಡ. ಆಮೇಲೆ ಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಗಡ್ಡೆಯ ಗಂಜಿಯ ಮೇಲೆ ಪೌಡರ್ ನಿಲ್ಲುವುದಿಲ್ಲ, ಬಿರಿಯುತ್ತದೆ. ಬೆಳಿಗ್ಗೆ ಸಂಜೆ ಮಾಡಿ. ಬುಧವಾರದೊಳಗೆ ಆದದ್ದಾದರೆ ಭಾನುವಾರ ಚರ್ಚಿಗೆ ಹೋಗಬಹುದು.'

ಥರ್ಕೆಲ್ ಇದನ್ನು ಎರಡು ಸಲ ಓದಿದರು. ಆಮೇಲೆ ಪೆನ್ಸಿಲ್ ತೆಗೆದು 'ಹಾಲು' ಎಂಬುದನ್ನು ಹೊಡೆದು 'ಗುಲಾಬಿ ನೀರು' ಎಂದು ತಿದ್ದಿದರು. ಅವರಿಗೆ ಯಾರದ್ದನ್ನೂ ತಿದ್ದದೆ ಬಿಡುವ ಅಭ್ಯಾಸವೇ ಇಲ್ಲ ನೋಡು. ಮೂವತ್ತೇಳನೆಯ ನಂಬರಿಗೆ ಇದನ್ನೇ ಹಾಕುವುದೆಂದಾಗಿದೆ.

ಇಲ್ಲಿ ಕೊಯ್ಲು ಮುಗಿಯುತ್ತಾ ಬಂತು. ಬ್ರೌನೆಲ್ ಜಾತಿಯ ಗಡ್ಡೆ ಈ ವರ್ಷ ಮುಷ್ಟಿ ಗಾತ್ರ ಬಂದಿದೆ, ಕಲ್ಲಿನಷ್ಟು ಗಟ್ಟಿ.

ನಿನ್ನ,
ಎನಿಡ್


ಫುಟ್ಸ್‌ಕ್ರೇ
11 ಏಪ್ರಿಲ್ 1966

ಎನಿಡ್,

ನಿನ್ನ ಸೊಸೆಯ ಚೀಟಿಯನ್ನು ಇನ್ನೊಂದು ಸಲ ಓದು. ನಿಧಾನವಾಗಿ ಓದು.

ನಾನು ನಿನಗೆ ಹೇಳಿದ್ದು ತುರಿದ ಗಡ್ಡೆಯನ್ನು ಮಾತ್ರ. ಹಾಲಿನ ವಿಷಯ ಹೇಳಿರಲಿಲ್ಲ. ಪೌಡರ್ ಬಿರಿಯುವುದನ್ನು ಹೇಳಿರಲಿಲ್ಲ. ಬುಧವಾರದ ಲೆಕ್ಕವನ್ನಂತೂ ಯಾರಿಗೂ ಹೇಳಿಲ್ಲ, ಅದು ನನ್ನದು ಎಂದೇ ತಿಳಿದಿದ್ದೆ. ಒಂದು ಸಲ ಎಡವಿದವಳಿಗೆ ಇದೆಲ್ಲ ಗೊತ್ತಾಗುವುದಿಲ್ಲ ಎನಿಡ್. ಕನ್ನಡಿಯ ಮುಂದೆ ನಿಂತು ಎಷ್ಟೋ ವಾರ ಮಾಡಿ ನೋಡಿದವಳಿಗೆ ಮಾತ್ರ ಗೊತ್ತಾಗುತ್ತದೆ. ಅವಳಿಗೆ ಇದನ್ನು ಯಾರೂ ಕಲಿಸಿಲ್ಲ. ತಾನೇ ಕಲಿತಿದ್ದಾಳೆ, ನಾನು ಕಲಿತ ಹಾಗೆ.

ನೀನು ಮರೆತಿರಬಹುದು, ನಾನು ಮರೆತಿಲ್ಲ. ಐವತ್ತೇಳರ ಜೂನ್, ಮಂಗಳವಾರ, ಬೆಳಗಿನ ಹನ್ನೊಂದು ಗಂಟೆ. ನಿನ್ನ ಹಿತ್ತಲ ಬಾಗಿಲಿಗೆ ಬಂದೆ. ಎಡಗಣ್ಣು ಮುಚ್ಚಿಹೋಗಿತ್ತು. ನೀನು ತಣ್ಣೀರು ತರಲು ಓಡಿದೆ. "ಒಂದು ಗಡ್ಡೆ ತುರಿದು ಕೊಡು, ಸಾಕು" ಎಂದೆ ನಾನು. ನೀನು ತುರಿದು ಕೊಟ್ಟೆ. ಇದು ಹೇಗೆ ಗೊತ್ತು ನಿನಗೆ ಎಂದು ಕೇಳಲಿಲ್ಲ. ನಾನು ಈ ಹೊತ್ತು ಇಲ್ಲೇ ಇರಲಾ ಎಂದು ಕೇಳುವಷ್ಟರಲ್ಲಿ ನೀನೇ, "ಆರ್ನಲ್ಡ್ ಆ ಕಡೆಗೇ ಹೊರಟಿದ್ದಾರೆ, ನಿನ್ನನ್ನ ಮನೆಗೆ ಬಿಡ್ತಾರೆ" ಎಂದೆ. ನನ್ನ ಗಂಡ ರೆಗ್ ನಿನ್ನ ಗಂಡ ಆರ್ನಲ್ಡ್‌ನ ಜೊತೆ ಕೊಯ್ಲು ಮಾಡುವವನು. ಮನೆಮನೆಗಳ ನಡುವೆ ಯಾಕೆ ನಿಷ್ಠುರ ಎಂದುಕೊಂಡೆ ನೀನು. ನನಗೆ ಅರ್ಥವಾಗಿತ್ತು. ದಾರಿಯುದ್ದಕ್ಕೂ ಆರ್ನಲ್ಡ್ ಮಳೆಯ ಬಗ್ಗೆ ಮಾತಾಡಿದ. ಮಡಿಲಲ್ಲಿ ನೀನು ಕೊಟ್ಟ ಇನ್ನೊಂದು ಗಡ್ಡೆ ಇತ್ತು.

ನಾನು ಆಮೇಲೆ ಹನ್ನೆರಡು ದಿನ ಆ ಮನೆಯಲ್ಲಿದ್ದೆ. ಆ ಹುಡುಗಿಯ ಮನೆಗೆ ಹೋಗಿ ನೋಡು.

ಡಲ್ಸಿ


ಲೋವರ್ ಹ್ಯಾರೋ
14 ಏಪ್ರಿಲ್ 1966

ಡಲ್ಸಿ,

ನಿನ್ನ ಗಂಡ ಹಾಗಿದ್ದ ಅಂತ ಲೋಕದ ಗಂಡಸರೆಲ್ಲ ಹಾಗೇನಾ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಗ್ರೇಮ್‌ನನ್ನು ಹೆತ್ತವಳು ನಾನು. ಕುರಿಮರಿ ಸತ್ತರೆ ಎರಡು ದಿನ ಊಟ ಬಿಡುತ್ತಿದ್ದ ಹುಡುಗ ಅವನು. ನನ್ನ ಮೇಲೆ ನಿನಗೆ ಸಿಟ್ಟಿದ್ದರೆ ನನ್ನನ್ನು ಬೈಯಿ. ನನ್ನ ಮಗನಿಗೆ ಮಸಿ ಬಳಿಯಬೇಡ.

ಪುಸ್ತಕಕ್ಕೆ ನಿನ್ನ ಸಹಾಯ ಸಾಕು. ವಂದನೆಗಳು.

ಎನಿಡ್ ಲಿಲಿಕೋ, ಕಾರ್ಯದರ್ಶಿ


ಲೋವರ್ ಹ್ಯಾರೋ
22 ಮೇ 1966

ಡಲ್ಸಿ,

ಹಿಂದಿನ ಕಾಗದವನ್ನು ಹರಿದು ಹಾಕಿಬಿಡು. ದಯವಿಟ್ಟು.

ಐದು ವಾರ ನಾನು ರೋಸ್ಲಿನ್‌ಳ ಮನೆಗೆ ಹೋಗಲಿಲ್ಲ. ಕೆಲಸ ಎಂದೆ, ನೆಗಡಿ ಎಂದೆ. ಹೋಗದಿರಲು ಇಷ್ಟೊಂದು ನೆಪ ಹುಡುಕುತ್ತಿದ್ದೇನೆಂದರೆ ನನಗೆ ಮೊದಲೇ ಗೊತ್ತಿತ್ತು ಎಂದಲ್ಲವೇ? ಕಳೆದ ಗುರುವಾರ ಮನಸ್ಸು ಗಟ್ಟಿ ಮಾಡಿ ಹೋದೆ. ಅಚ್ಚಿನ ಕರಡು ತೋರಿಸುವ ನೆಪ. ಗ್ರೇಮ್ ಹೊಲದಲ್ಲಿದ್ದ.

ಬಾಗಿಲು ಅರ್ಧ ತೆರೆದಳು. ಮುಖದ ಒಂದು ಪಕ್ಕ ಬಾಗಿಲ ಹಿಂದೆಯೇ ಇತ್ತು. ಒಳಗೆ ಮೇಜಿನ ಮೇಲೆ ತುರಿಮಣೆ, ಪಕ್ಕದಲ್ಲಿ ಒಂದು ಗಡ್ಡೆ, ಒಂದು ಬಟ್ಟಲು ಹಾಲು.

"ಅಡಿಗೆಗೆ ಕೂತಿದ್ದೆ ಅಮ್ಮ" ಎಂದಳು.

"ಒಂದೇ ಗಡ್ಡೆಯಲ್ಲಾ ಮಗಳೇ, ಇಬ್ಬರಿಗೆ ಸಾಲತ್ತಾ?" ಎಂದೆ.

ಹಾಲಿನ ಬಟ್ಟಲಿಗೆ ತಟ್ಟೆ ಮುಚ್ಚಿದಳು. ಆಮೇಲೆ ಒಂದು ಮಾತು ಹೇಳಿದಳು ಡಲ್ಸಿ, ಅದು ನನ್ನ ಕಿವಿಯಿಂದ ಹೋಗುತ್ತಿಲ್ಲ. "ಅಮ್ಮ, ಬುಧವಾರ ದಾಟಿಬಿಡ್ತು. ಈ ಭಾನುವಾರ ಚರ್ಚಿಗೆ ಬರೋಕಾಗಲ್ಲ. ತಲೆನೋವಂತೆ ಅಂತ ನೀವೇ ಹೇಳ್ಬಿಡ್ತೀರಾ?"

"ಏನಾಯ್ತು?"

"ಕತ್ತಲಲ್ಲಿ ಗೋಡೆಗೆ ತಾಗ್ತು."

ಅವಳ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಕುತ್ತಿಗೆಯ ಮೇಲೆ ನಾಲ್ಕು ಗುರುತು ಸಾಲಾಗಿದ್ದವು. "ಗೋಡೆಗೆ ಬೆರಳಿರಲ್ಲ ಕಂದಾ" ಎಂದೆ. ಅವಳು ಅಳಲಿಲ್ಲ. ಅತ್ತದ್ದು ನಾನು. ನನ್ನನ್ನು ಅವಳೇ ಕುರ್ಚಿಯಲ್ಲಿ ಕೂರಿಸಿ ಟೀ ಮಾಡಿಕೊಟ್ಟಳು, ನೋಡು ಎಂಥ ಅನ್ಯಾಯ.

"ಬರೆದುಕೊಟ್ಟ ಚೀಟಿ ನೋಡಿ ಯಾರಾದ್ರೂ ಕೇಳ್ತಾರೇನೋ ಅಂದ್ಕೊಂಡಿದ್ದೆ" ಎಂದಳು. "ಯಾರೂ ಕೇಳಲಿಲ್ಲ. ಎಲ್ಲರೂ ಚೆನ್ನಾಗಿದೆ ಅಂದ್ರು."

ನಾನೂ ಚೆನ್ನಾಗಿದೆ ಎಂದಿದ್ದೆ.

ಅವನನ್ನು ನಾನು ಈ ಕೈಯಿಂದ ಬೆಳೆಸಿದೆ. ಎಲ್ಲಿ ತಪ್ಪಿದೆ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಮಾತಾಡಿ ನೋಡಿದೆ. "ನಿನಗೆ ಸಂಬಂಧ ಇಲ್ಲದ ವಿಷಯಕ್ಕೆ ಬರ್ಬೇಡಮ್ಮ" ಎಂದ, ಬಾಗಿಲು ಹಾಕಿಕೊಂಡ. ಆವತ್ತು ನಿನ್ನನ್ನು ಕಾರು ಹತ್ತಿಸಿದಾಗ ನಾನು ನನಗೇ ಹೇಳಿಕೊಂಡ ಮಾತು ಅದೇ, ನನಗೆ ಸಂಬಂಧ ಇಲ್ಲದ ವಿಷಯ ಎಂದು. ನೀನು ಮರೆತಿರಬಹುದು ಎಂದು ಬರೆದಿದ್ದೆಯಲ್ಲ. ಮರೆತಿಲ್ಲ ಡಲ್ಸಿ. ನಿನ್ನ ಮಡಿಲಲ್ಲಿದ್ದ ಆ ಗಡ್ಡೆ ನನಗೂ ಕಾಣಿಸುತ್ತದೆ.

ರೋಸ್ಲಿನ್‌ಗೆ ಅಪ್ಪ ಅಮ್ಮ ಇಲ್ಲ. ಈ ಊರಲ್ಲಿ ಎಲ್ಲಿಟ್ಟರೂ ಅವನು ಹತ್ತು ನಿಮಿಷದಲ್ಲಿ ಬರುತ್ತಾನೆ. ನಿನ್ನ ಹತ್ತಿರ ಜಾಗ ಇದೆಯಾ? ಕೇಳುವ ಹಕ್ಕು ನನಗಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಎನಿಡ್


ಫುಟ್ಸ್‌ಕ್ರೇ
26 ಮೇ 1966

ಎನಿಡ್,

ಒಂದು ಮಂಚ ಇದೆ. ನಾನು ನೆಲದ ಮೇಲೆ ಮಲಗಬಲ್ಲೆ, ಬೆನ್ನಿಗೆ ಅದೇ ಒಳ್ಳೆಯದಂತೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡಲು ಹುಡುಗಿಯರು ಬೇಕಾಗಿದ್ದಾರೆ.

ಜೂನ್ ನಾಲ್ಕು, ಶನಿವಾರದ ಹಡಗು. ದೊಡ್ಡ ಸೂಟ್‌ಕೇಸ್ ಬೇಡ, ಕಂಡವರು ಕೇಳುತ್ತಾರೆ. ಮದುವೆಯ ಸರ್ಟಿಫಿಕೇಟು, ಬೆಚ್ಚನೆಯ ಕೋಟು, ಅವಳ ಅಮ್ಮನದು ಏನಾದರೂ ಇದ್ದರೆ ಅದು. ನಾನು ತರದೆ ಬಂದು ಆಮೇಲೆ ಪರಿತಪಿಸಿದ್ದು ಅದೊಂದಕ್ಕೇ. ಭಾನುವಾರ ಬೆಳಿಗ್ಗೆ ಬಂದರಿನಲ್ಲಿ ನಾನು ಹಸಿರು ಸ್ಕಾರ್ಫು ಕಟ್ಟಿಕೊಂಡು ನಿಂತಿರುತ್ತೇನೆ.

ಆರ್ನಲ್ಡ್‌ಗೆ ಹೇಳಬೇಡ.

ಡಲ್ಸಿ


ಲೋವರ್ ಹ್ಯಾರೋ
5 ಜೂನ್ 1966

ಡಲ್ಸಿ,

ಇಷ್ಟು ಹೊತ್ತಿಗೆ ಅವಳು ನಿನ್ನ ಕೋಣೆಯಲ್ಲಿರುತ್ತಾಳೆ. ಇಲ್ಲಿ ನಡೆದದ್ದನ್ನು ಅವಳು ಅರ್ಧ ಹೇಳಿರುತ್ತಾಳೆ, ಉಳಿದರ್ಧ ನನಗೇ ಗೊತ್ತು.

ಪುಸ್ತಕದ ಕರಡಿನ ಹಾಳೆ ಜೋಡಿಸುವ ಕೆಲಸವಿದೆ ಎಂದು ಹೇಳಿ ಅವಳನ್ನು ನಿನ್ನೆ ಬೆಳಿಗ್ಗೆಯೇ ಇಲ್ಲಿಗೆ ಕರೆಸಿಕೊಂಡಿದ್ದೆ. ಅವಳ ಕೋಟು, ಸಾಮಾನು ಹಾಳೆಗಳ ಪೆಟ್ಟಿಗೆಯೊಳಗೇ ಬಂದವು. ಎರಡು ಗಂಟೆಗೆ ಹೊರಡುವುದೆಂದಿತ್ತು. ಹನ್ನೆರಡೂವರೆಗೆ ಅಂಗಳದಲ್ಲಿ ಗ್ರೇಮ್‌ನ ಗಾಡಿ ಬಂದು ನಿಂತಿತು!

"ಊಟಕ್ಕೆ ಬಂದೆ ಅಮ್ಮ. ಊಟ ಆದ್ಮೇಲೆ ಇವಳನ್ನ ಕರ್ಕೊಂಡು ಹೋಗ್ತೀನಿ" ಎಂದ. ಅವಳು ಹಾಳೆ ಜೋಡಿಸುತ್ತಲೇ ಇದ್ದಳು, ತಲೆ ಎತ್ತಲಿಲ್ಲ.

ಬಡಿಸಿದೆ. ಮಟನ್ ರೋಸ್ಟು, ಬೆಣ್ಣೆ ಹಾಕಿ ಹಿಸುಕಿದ ಗಡ್ಡೆ. ಅವನಿಗೆ ಪ್ರಾಣ. ಎರಡನೆಯ ಸಲ ಹಾಕಿಸಿಕೊಂಡ. "ನಿನ್ನ ಕೈರುಚಿ ಇವಳಿಗೆ ಬರಲ್ಲ" ಎಂದು ನಕ್ಕ. ಚಿಕ್ಕವನಿದ್ದಾಗ ನಕ್ಕ ಹಾಗೆಯೇ ನಕ್ಕ ಡಲ್ಸಿ. ನಾನು ಕಣ್ಣೊರೆಸಿಕೊಂಡು, ಸಿಪ್ಪೆ ಹಂದಿಗೆ ಹಾಕಿ ಬರುತ್ತೇನೆಂದು ಬಕೆಟ್ ಹಿಡಿದು ಹೊರಗೆ ಹೋದೆ.

ಬಕೆಟ್ಟಿನಲ್ಲಿ ಒಂದು ಬ್ರೌನೆಲ್ ಇತ್ತು. ಹೊಗೆ ಹೋಗುವ ದಾರಿ ಕಟ್ಟಿದರೆ ಎಂಜಿನ್ ಓಡದೆಂದು, ಅವನ ಗಾಡಿಯ ಹಿಂದೆ ಕೂತು ಸೈಲೆನ್ಸರಿನ ಕೊಳವೆಗೆ ಅದನ್ನು ತುರುಕಿದೆ. ಹೋಗಲಿಲ್ಲ. ಪೊರಕೆಯ ಕೋಲು ತಂದು ತಳ್ಳಿದೆ. ಮಳೆ ಬರುತ್ತಿತ್ತು, ನಾನು ಅಂಗಳದ ಕೆಸರಿನಲ್ಲಿ ಮಂಡಿಯೂರಿ ನನ್ನ ಮಗನ ಗಾಡಿಗೆ ಗಡ್ಡೆ ಬಡಿಯುತ್ತಿದ್ದೆ. ತಲೆ ಎತ್ತಿದರೆ ಶೆಡ್ಡಿನ ಬಾಗಿಲಲ್ಲಿ ಆರ್ನಲ್ಡ್ ನಿಂತಿದ್ದರು.

ಗಾಡಿ ನೋಡಿದರು. ನನ್ನ ಕೈಯ ಕೋಲು ನೋಡಿದರು. ಕಿಟಕಿಯೊಳಗೆ ಕಾಣುತ್ತಿದ್ದ ರೋಸ್ಲಿನ್‌ಳನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ನಮ್ಮ ಕಾರಿನ ಕೀಲಿಯನ್ನು ಜೇಬಿನಿಂದ ತೆಗೆದು ನನ್ನ ಬಕೆಟ್ಟಿಗೆ ಹಾಕಿ ಒಳಗೆ ಹೋದರು. "ಗ್ರೇಮ್, ಅಗೆಯೋ ಯಂತ್ರದ ಸರಪಳಿ ಕಳಚ್ಕೊಂಡಿದೆ, ಒಂದು ಕೈ ಹಾಕ್ಬಾರೋ, ಒಬ್ಬನ ಕೈಲಾಗಲ್ಲ" ಎನ್ನುವುದು ಕೇಳಿಸಿತು. ಸರಪಳಿ ಕಳಚಿರಲಿಲ್ಲ.

ಅವರಿಬ್ಬರೂ ಶೆಡ್ಡಿನೊಳಗೆ ಹೋದದ್ದೇ ತಡ, ಪೆಟ್ಟಿಗೆ ಸಮೇತ ನಾವಿಬ್ಬರೂ ಕಾರಿನಲ್ಲಿ. ಗೇಟು ದಾಟುವಾಗ ಅವನ ಕೂಗು ಕೇಳಿಸಿತು. ಗಾಡಿ ಕೊರಕೊರ ಎಂದಿತು, ಕೆಮ್ಮಿತು, ಸುಮ್ಮನಾಯಿತು. ಮತ್ತೆ ಕೆಮ್ಮಿತು, ಮತ್ತೆ ಸುಮ್ಮನಾಯಿತು. ಅರ್ಧ ದಾರಿಯಲ್ಲಿ ನಮ್ಮ ವೈಪರ್ ಕೆಟ್ಟಿತು, ಯಾವತ್ತಿನ ಹಾಗೆ. ರೋಸ್ಲಿನ್ ಇಳಿದು ನಿನ್ನ ಹೇಳಿಕೆಯಂತೆ ಗಾಜಿಗೆ ಗಡ್ಡೆ ಉಜ್ಜಿದಳು, ಮೇಲಿಂದ ಕೆಳಕ್ಕೆ. ಆ ಮಳೆಯಲ್ಲಿ ಒಣಗುವುದೆಲ್ಲಿ ಬಂತು! ಆದರೂ ರಸ್ತೆ ಕಾಣಿಸಿತು. ಹಡಗು ಹತ್ತಿಸುವಾಗ ಮನೆಯಿಂದ ಬಟ್ಟೆಯಲ್ಲಿ ಸುತ್ತಿ ತಂದ ಎರಡು ಬಿಸಿ ಗಡ್ಡೆ ಅವಳ ಕೋಟಿನ ಜೇಬಿಗೆ ಹಾಕಿದೆ.

ಮನೆಗೆ ಬಂದಾಗ ಗ್ರೇಮ್ ಅಂಗಳದಲ್ಲೇ ಇದ್ದ. ಕಾರ್ಬುರೇಟರನ್ನೆಲ್ಲ ಬಿಚ್ಚಿ ಹರಡಿಕೊಂಡಿದ್ದ. ಗಂಡಸರು ಗಾಡಿಯ ಮುಂದೆಯೇ ಹುಡುಕುತ್ತಾರೆ, ಹಿಂದೆ ಯಾರು ನೋಡುತ್ತಾರೆ?

"ಎಲ್ಲಿ ಅವಳು?"

"ಹೋದಳು. ಎಲ್ಲಿಗೆ ಅಂತ ನಾನು ಹೇಳಲ್ಲ."

"ನೀನು ನನ್ನ ಅಮ್ಮನಾ?"

"ಹೌದಪ್ಪ. ಅದಕ್ಕೇ ಹೋಗೋಕೆ ಬಿಟ್ಟೆ."

ಕೈಯಲ್ಲಿದ್ದ ಸ್ಪ್ಯಾನರ್ ಎಸೆದು ನಡೆದೇ ಹೋದ. ಬೆನ್ನು ನೋಡುತ್ತಾ ನಿಂತೆ. ಸರಿಯಾದದ್ದನ್ನೇ ಮಾಡಿದ್ದರೂ ಕರುಳು ಕೇಳುವುದಿಲ್ಲ.

ಎನಿಡ್


ಫುಟ್ಸ್‌ಕ್ರೇ
14 ಜೂನ್ 1966

ಎನಿಡ್,

ಹುಡುಗಿ ಬಂದಳು. ಜೇಬಿನಲ್ಲಿ ತಣ್ಣಗಾದ ಗಡ್ಡೆ ಹಾಗೆಯೇ ಇದ್ದವು, ಇಡೀ ದಾರಿ ಕೈಯಲ್ಲಿ ಹಿಡಿದುಕೊಂಡಿದ್ದಳಂತೆ. ಹೆಚ್ಚಿ ಹುರಿದು ಇಬ್ಬರೂ ತಿಂದೆವು. ಆ ಕೆಂಪು ಮಣ್ಣಿನ ಗಡ್ಡೆ ತಿಂದು ಒಂಬತ್ತು ವರ್ಷವಾಗಿತ್ತು. ಎರಡು ದಿನ ನಿದ್ದೆ ಮಾಡಿದಳು. ಮೂರನೆಯ ದಿನ ಎದ್ದು ನನ್ನ ಕಿಟಕಿ ಗಾಜೆಲ್ಲ ಒರೆಸಿ ಇಟ್ಟಿದ್ದಳು. ಮೊನ್ನೆ ಭಾನುವಾರ ಪೌಡರ್ ಡಬ್ಬಿ ಹುಡುಕಿದಳು. "ಯಾಕೆ?" ಎಂದೆ. ಕನ್ನಡಿ ನೋಡಿಕೊಂಡು, "ಹೌದಲ್ಲ, ಬೇಕಾಗಿಲ್ಲ" ಎಂದಳು. ಇಬ್ಬರೂ ನಕ್ಕೆವು.

ನಿನ್ನನ್ನು ಕ್ಷಮಿಸಿದೆನಾ ಎಂದು ನೀನು ಕೇಳಿಲ್ಲ. ಕೇಳದಿದ್ದದ್ದು ಒಳ್ಳೆಯದಾಯಿತು. ಒಂಬತ್ತು ವರ್ಷದ್ದು ಒಂದು ಸಲಕ್ಕೆ ಹೋಗುವುದಿಲ್ಲ, ಬೆಳಿಗ್ಗೆ ಸಂಜೆ ಮಾಡುತ್ತಿರಬೇಕು. ಕಾಗದ ಬರೆಯುತ್ತಿರು.

ಪೊರಕೆಯ ಕೋಲಿನ ಕತೆ ಓದಿ ನಕ್ಕೂ ನಕ್ಕೂ ನನಗೆ ಬಿಕ್ಕಳಿಕೆ ಹತ್ತಿತು. ನನಗೆ ಹೊಳೆಯದ ಹದಿಮೂರನೆಯದು ಅದೇ ನೋಡು. ಪುಸ್ತಕಕ್ಕೆ ಹಾಕುವ ಹಾಗಿಲ್ಲ.

ಹೆಸರು ಹಾಕುವುದಾದರೆ ನಾನು ಹುಟ್ಟಿದ ಹೆಸರು ಹಾಕು. ನಾನು ಯಾರ ಮಿಸೆಸ್ಸೂ ಅಲ್ಲ.

ಡಲ್ಸಿ ರೌಸ್


ಲೋವರ್ ಹ್ಯಾರೋ
27 ಆಗಸ್ಟ್ 1966

ಪ್ರೀತಿಯ ಡಲ್ಸಿ,

ಪುಸ್ತಕ ಬಂದು ಮೂರು ವಾರವಾಯಿತು, ಎರಡು ಪ್ರತಿ ಇದರ ಜೊತೆಗಿವೆ. ನಿನ್ನ ಹೆಸರು ನಲವತ್ತಮೂರು ಕಡೆ ಇದೆ. ಅಚ್ಚಿನ ಮನೆಗೆ ಹೋಗುವವಳು ಕಾರ್ಯದರ್ಶಿ ಒಬ್ಬಳೇ ಆದ್ದರಿಂದ ಕೊನೆಯ ಗಳಿಗೆಯಲ್ಲಿ ಏನು ಬದಲಾಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಗ್ರೇಮ್ ಇನ್ನೂ ಮಾತಾಡುತ್ತಿಲ್ಲ. ಭಾನುವಾರ ಚರ್ಚಿನಲ್ಲಿ ಎರಡು ಸಾಲು ಹಿಂದೆ ಕೂರುತ್ತಾನೆ. ನಾನು ಪ್ರತಿ ಶನಿವಾರ ಅವನ ಬಾಗಿಲಲ್ಲಿ ರೊಟ್ಟಿ ಇಟ್ಟು ಬರುತ್ತೇನೆ. ತೆಗೆದುಕೊಳ್ಳುತ್ತಾನೆ.

ಮುಖಪುಟದಲ್ಲಿ ನೂರೊಂದು ಎಂದಿದೆ, ಒಳಗೆ ನೂರೇ ಇವೆ. ಎಣಿಸಿದ್ದು ಥರ್ಕೆಲ್ ಒಬ್ಬರೇ. "ಒಂದು ಕಮ್ಮಿ ಇದೆ ಮಿಸೆಸ್ ಲಿಲಿಕೋ" ಎಂದರು ಸಭೆಯಲ್ಲಿ. "ಗೊತ್ತು" ಎಂದೆ. ಮೂವತ್ತೇಳನೆಯದರ ಬಗ್ಗೆ ಬೈಯುತ್ತಾರೆಂದು ಕಾದಿದ್ದೆ. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಪುಟ ತೆರೆದು ನೋಡು. ರೋಸ್ಲಿನ್ ಬರೆದದ್ದು ಹಾಗೆಯೇ ಇದೆ, ಹಾಲು, ಪೌಡರ್, ಬುಧವಾರ ಎಲ್ಲ. ಅದರ ಕೆಳಗೆ ನಾನು ಒಂದು ಸಾಲು ಸೇರಿಸಿದ್ದೇನೆ:

'ಇದು ಎರಡನೆಯ ಸಲ ಬೇಕಾದರೆ ಗಡ್ಡೆ ತುರಿಯಬೇಡಿ. ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಬನ್ನಿ. ಯಾವ ಹೊತ್ತಾದರೂ ಸರಿ. ಎನಿಡ್ ಲಿಲಿಕೋ.'

ಇಷ್ಟು ಬರೆದು ಕಾಗದ ಮಡಿಸುವವಳಿದ್ದೆ, ಡಲ್ಸಿ. ಬಾಗಿಲು ತಟ್ಟಿದ ಸದ್ದಾಯಿತು. ಹಿತ್ತಲ ಬಾಗಿಲು. ತೆರೆದರೆ ಮಿಸೆಸ್ ಥರ್ಕೆಲ್. ಈ ಮೂವತ್ತು ವರ್ಷದಲ್ಲಿ ಮುಂಬಾಗಿಲಿನಿಂದಲ್ಲದೆ ಅವರು ಬಂದದ್ದಿಲ್ಲ. ಕೈಗವಸಿಲ್ಲ. ಮುಖದ ಮೇಲೆ ಪೌಡರ್ ಇಲ್ಲ. ಪೌಡರ್ ಇಲ್ಲದ ಅವರ ಮುಖವನ್ನು ನಾನು ನೋಡಿದ್ದು ಇದೇ ಮೊದಲು. ಹಾಲನ್ನು ಹೊಡೆದು ಗುಲಾಬಿ ನೀರು ಎಂದು ತಿದ್ದಿದ ಆ ಪೆನ್ಸಿಲ್ ಆಗ ನನ್ನ ಕಣ್ಣ ಮುಂದೆ ಬಂತು. ನಾನೆಂಥ ಕುರುಡಿ!

"ನೂರೊಂದನೆಯದು ಏನು ಅಂತ ಕೇಳೋಕೆ ಬಂದೆ" ಎಂದರು.

ಒಳಗೆ ಕರೆದು ಕೂರಿಸಿದ್ದೇನೆ. ಆರ್ನಲ್ಡ್ ಟೀಗೆ ನೀರಿಟ್ಟಿದ್ದಾರೆ. ನಿನ್ನ ನೆಲದ ಮೇಲೆ ಇನ್ನೊಂದು ಹಾಸಿಗೆಗೆ ಜಾಗ ಇದೆಯಾ, ತಿರುಗು ಟಪಾಲಿಗೆ ಬರಿ.

ಎನಿಡ್